ಸಮತಟ್ಟಿನ ಆರನೇ ಹೋಲು

ಮದ್ದೂರಿನಿಂದ ಮಳವಳ್ಳಿಗೆ ಹೋಗುವ ದಾರಿಯಲ್ಲಿ, ಮುಖ್ಯ ರಸ್ತೆ ಬಿಟ್ಟು ಎಡಕ್ಕೆ ಮೂರು ಕಿಲೋಮೀಟರ್ ಒಳಗೆ, ಬಂಡೆಗಳ ಗುಡ್ಡದ ಮೇಲೆ ಒಂದು ಗಾಲ್ಫ್ ಕ್ಲಬ್ಬಿದೆ. ದೊಡ್ಡದೇನಲ್ಲ, ಚೆಂಡು ಬೀಳಿಸುವ ಕುಣಿಗಳು, ಅಂದರೆ ಹೋಲುಗಳು, ಒಂಬತ್ತೇ. ಸೋಮವಾರ ಮೆಂಬರುಗಳಿಗೆ ರಜೆ. ಆ ದಿನ ಹುಲ್ಲು ಕತ್ತರಿಸುವವರು, ನೀರು ಬಿಡುವವರು ಬಿಟ್ಟರೆ ಗುಡ್ಡದ ಮೇಲೆ ಯಾರೂ ಇರುವುದಿಲ್ಲ. ವರ್ಷದಲ್ಲಿ ಒಂದು ಸೋಮವಾರ ಮಾತ್ರ ಬೇರೆಯವರ ಬ್ಯಾಗು ಹೊರುವ ಹದಿನಾಲ್ಕು ಜನ ಕ್ಯಾಡಿಗಳು ತಾವೇ ಆಡುತ್ತಾರೆ. ಮೆಂಬರುಗಳು ಬಿಟ್ಟುಕೊಟ್ಟ ಹಳೇ ಕೋಲುಗಳು, ಸಿಕ್ಕಿದ ಚೆಂಡುಗಳು. ಒಂಬತ್ತೂ ಹೋಲನ್ನು ಎಲ್ಲರಿಗಿಂತ ಕಡಿಮೆ ಏಟಿನಲ್ಲಿ ಮುಗಿಸಿ ಗೆದ್ದವನಿಗೆ ಒಂದು ಕಪ್ಪು, ಎಲ್ಲರಿಗೂ ಬಿರಿಯಾನಿ.

ಈ ವರ್ಷ ಅಷ್ಟೇ ಇರಲಿಲ್ಲ. ಗೆದ್ದವನನ್ನು ಸಹಾಯಕ ಕೋಚ್ ಮಾಡಿಕೊಳ್ಳುತ್ತೇವೆ ಎಂದು ಕ್ಲಬ್ಬಿನ ಕಾರ್ಯದರ್ಶಿ ವಿಷ್ಣು ಅವರು ಯುಗಾದಿ ಹಬ್ಬ ಮುಗಿದ ವಾರದಲ್ಲೇ ಹೇಳಿದ್ದರು. ಬ್ಯಾಗು ಹೊರುವುದು ತಪ್ಪುತ್ತದೆ, ತಿಂಗಳ ಸಂಬಳ ಬರುತ್ತದೆ. ಕೊಪ್ಪದ ಪುನೀತ್ ಆ ಮಾತು ಕೇಳಿದ ಸಂಜೆ ಮನೆಗೆ ಹಾರಿಕೊಂಡು ಬಂದಿದ್ದ. ಎಂಟು ವರ್ಷದಿಂದ ಅವನು ಆ ಗುಡ್ಡದ ಮೇಲೆ ಬ್ಯಾಗು ಹೊರುತ್ತಿದ್ದ. ಯಾವ ಹೋಲಿನಲ್ಲಿ ಯಾವ ಕೋಲು, ಯಾವ ಇಳಿಜಾರಿಗೆ ಚೆಂಡು ಎಷ್ಟು ಉರುಳುತ್ತದೆ ಎಂದು ಅವನಷ್ಟು ಬಲ್ಲವರು ಇರಲಿಲ್ಲ. ಮೆಂಬರುಗಳೇ ಅವನನ್ನು ಕೇಳಿ ಹೊಡೆಯುತ್ತಿದ್ದರು. ಆಗ ಅವನ ಹೆಂಡತಿ ಅಮೃತ ಏಳು ತಿಂಗಳ ಬಸುರಿ.

ಒಂಬತ್ತಕ್ಕೆ ಬಿದ್ದ ಮೇಲೆ ಒಂದು ಬೆಳಿಗ್ಗೆ ಅಮೃತಳಿಗೆ ಮಗು ಮಿಸುಕಾಡಿದ್ದು ತಿಳಿಯಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಮಂಡ್ಯದ ಆಸ್ಪತ್ರೆಗೆ ಹೋದರು. ಡಾಕ್ಟರು ಹೊಟ್ಟೆಯ ಮೇಲೆ ಯಂತ್ರ ಇಟ್ಟು ಬಹಳ ಹೊತ್ತು ನೋಡಿದರು. ಯಾರ ತಪ್ಪೂ ಅಲ್ಲ, ಹೀಗೂ ಆಗುತ್ತದೆ ಎಂದರು. ಮರುದಿನ ಹೆರಿಗೆಯಾಯಿತು. ಉಸಿರಿಲ್ಲದ ಹೆಣ್ಣು ಮಗು. ಅಮೃತಳಿಗೆ ಮತ್ತು ಬರುವ ಔಷಧಿ ಕೊಟ್ಟಿದ್ದರು. ಅವಳು ಕಣ್ಣು ಬಿಡುವಷ್ಟರಲ್ಲಿ ಪುನೀತನ ತಾಯಿ ಇಂದ್ರಮ್ಮ ಮಗುವನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಮಗನ ಜೊತೆ ಕೊಪ್ಪಕ್ಕೆ ಹೊರಟಾಗಿತ್ತು. ತಾಯಿ ನೋಡಬಾರದು, ನೋಡಿದರೆ ಮರೆಯುವುದಿಲ್ಲ ಎಂದು ದೊಡ್ಡವರು ಹೇಳಿದ್ದರು. ಪುನೀತ್ ಎದುರಾಡಲಿಲ್ಲ. ಅವನಿಗೆ ಆ ದಿನ ಯಾರು ಏನು ಹೇಳಿದರೂ ಸರಿಯೆನಿಸುತ್ತಿತ್ತು.

ಪಂದ್ಯದ ಸೋಮವಾರಕ್ಕೆ ಅದಾಗಿ ನಲವತ್ತಾರು ದಿನವಾಗಿತ್ತು.

ಹನ್ನೆರಡನೇ ದಿನಕ್ಕೇ ಪುನೀತ್ ಕೆಲಸಕ್ಕೆ ಮರಳಿದ್ದ. ಹೋಗುತ್ತಿದ್ದ, ಬ್ಯಾಗು ಹೊರುತ್ತಿದ್ದ, ಕೇಳಿದವರಿಗೆ ಕೋಲು ಹೇಳುತ್ತಿದ್ದ. ಅಳು ಬರಲಿಲ್ಲ. ಹಸಿವಾಗುತ್ತಿರಲಿಲ್ಲ, ಆದರೆ ತಟ್ಟೆ ಮುಂದಿಟ್ಟರೆ ಮುದ್ದೆ ಒಳಗೆ ಹೋಗುತ್ತಿತ್ತು. ಒಂದು ದಿನ ಬೈಕಿನ ಸೈಲೆನ್ಸರಿಗೆ ಕಾಲು ತಾಗಿ ಬೊಬ್ಬೆ ಬಂದಿತ್ತು. ಅದನ್ನು ಅವನು ಗಮನಿಸಿದ್ದು ಮಾರನೇ ದಿನ ಸ್ನಾನ ಮಾಡುವಾಗ. ಅಮೃತ ಒಳಮನೆಯಲ್ಲಿ ಗೋಡೆ ಕಡೆ ಮುಖ ಮಾಡಿ ಮಲಗಿರುತ್ತಿದ್ದಳು. ಹಾಲು ಕಟ್ಟಿ ಎದೆ ಕಲ್ಲಾಗಿತ್ತು; ಅದಕ್ಕೆ ಮಾತ್ರೆ ನುಂಗುತ್ತಿದ್ದಳು. ಕೆರಗೋಡಿನಿಂದ ಅವಳ ತಾಯಿ ಬಂದು ವಾರ ಇದ್ದು ಹೋದಳು. ಗಂಡ ಹೆಂಡತಿಯ ನಡುವೆ ನಡೆಯುತ್ತಿದ್ದ ಮಾತು ಊಟ ಆಯಿತಾ, ಮಾತ್ರೆ ತಗೊಂಡೆಯಾ, ಇಷ್ಟೇ.

ಆ ಸೋಮವಾರ ಇಂದ್ರಮ್ಮ ಡೇರಿಗೆ ಹಾಲು ಹಾಕಲು ಹೋದ ಹೊತ್ತಿನಲ್ಲಿ ಪುನೀತ್ ಶೂ ಕಟ್ಟಿಕೊಳ್ಳುತ್ತಿದ್ದ. ಅಮೃತ ತಲೆ ಬಾಚಿಕೊಂಡು, ಚೂಡಿದಾರ್ ಹಾಕಿಕೊಂಡು ಬಾಗಿಲಲ್ಲಿ ನಿಂತಳು.

"ನಾನೂ ಬತ್ತೀನಿ," ಎಂದಳು.

"ಎಲ್ಲಿಗೆ?"

"ನೀನು ಓಗೋ ಕಡೀಕೆ."

ಮಂಡ್ಯಕ್ಕೆ ಒಂದೇ ಬಸ್ಸಿನಲ್ಲಿ ಕಾಲೇಜಿಗೆ ಹೋಗುತ್ತಿದ್ದ ದಿನಗಳಿಂದಲೂ ಅವರಿಬ್ಬರದು ಏಕವಚನವೇ. ಪುನೀತ್ ಅವಳನ್ನು ನೋಡಿದ. "ಗುಡ್ಡ ಹತ್ತಬೇಕು ಕಣಮ್ಮಿ. ಭಾರ ಎತ್ತಬ್ಯಾಡ ಅಂದವ್ರೆ ಡಾಕ್ಟ್ರು."

"ಭಾರ ಎತ್ತಲ್ಲ. ನೀರಿನ ಬಾಟ್ಲು ಇಡ್ಕೊಂಡು ಬತ್ತೀನಿ."

ಬೇಡ ಎನ್ನಲು ಅವನಿಗೆ ಕಾರಣ ಹೊಳೆಯಲಿಲ್ಲ. ಬೈಕಿನ ಹಿಂದೆ ಕೂರಿಸಿಕೊಂಡು ಹೊರಟ. ಮದ್ದೂರಿನ ಸರ್ಕಲ್ಲಿನಲ್ಲಿ ನಿಲ್ಲಿಸಿ ಟೀ ಕುಡಿದರು.

ಹದಿನಾಲ್ಕು ಜನರನ್ನು ಇಬ್ಬಿಬ್ಬರಂತೆ ಬಿಟ್ಟರು. ಪುನೀತನ ಜೋಡಿ ಕೊನೆಯದು. ಅವನ ಎದುರಾಳಿ ಮಳವಳ್ಳಿಯ ರವಿಚಂದ್ರ, ನಲವತ್ತು ದಾಟಿದ ಗಟ್ಟಿ ಆಳು, ಮಾತು ಕಡಿಮೆ. ಕಳೆದ ವರ್ಷ ಕಪ್ಪು ಗೆದ್ದವನು ಅವನೇ. ಇಬ್ಬರ ಹೊಡೆತ ಎಣಿಸಿ ಬರೆದುಕೊಳ್ಳಲು ಎಲ್ಲರಿಗಿಂತ ಹಿರಿಯ ಕ್ಯಾಡಿ ಕೆಂಪಸಿದ್ದಯ್ಯ ಜೊತೆಯಲ್ಲಿದ್ದ. ಅವನಿಗೆ ಮಂಡಿ ನೋವು, ಆಡುವುದನ್ನು ಬಿಟ್ಟಿದ್ದ. ಅಮೃತಳನ್ನು ಕಂಡು ಕೆಂಪಸಿದ್ದಯ್ಯ, "ಬಾರವ್ವ," ಎಂದಷ್ಟೇ ಹೇಳಿದ. ರವಿಚಂದ್ರ ತಲೆ ತಗ್ಗಿಸಿ ಕೈಗವಸಿನ ಪಟ್ಟಿ ಸರಿಮಾಡಿಕೊಂಡ. ವಿಷಯ ಎಲ್ಲರಿಗೂ ಗೊತ್ತಿತ್ತು.

ಮೊದಲ ಹೋಲು ಗುಡ್ಡದ ಹೆಗಲಿನಿಂದ ಕೆಳಕ್ಕೆ. ನಿಂತಲ್ಲಿಂದ ನೋಡಿದರೆ ಹಸಿರು ಹಾಸು ಜಾರಿ ಹೋಗಿ ದೂರದ ಕಬ್ಬಿನ ಗದ್ದೆಗೆ ಸೇರಿದಂತೆ ಕಾಣುತ್ತದೆ. ರವಿಚಂದ್ರ ಹೊಡೆಯಲು ಸಿದ್ಧವಾಗುತ್ತಿದ್ದಾಗ ಅಮೃತ ಮೆಲ್ಲಗೆ ಕೇಳಿದಳು.

"ಏನ್ ಮಾಡ್ಬೇಕು ಇಲ್ಲಿ?"

ಪುನೀತನಿಗೆ ಒಂದು ಕ್ಷಣ ಅರ್ಥವಾಗಲಿಲ್ಲ. ಆಮೇಲೆ ಮೆಂಬರುಗಳಿಗೆ ಹೇಳುವಂತೆಯೇ ಹೇಳಿದ. "ಅಗೋ ಬಾವುಟ. ಅದ್ರ ಬುಡದಲ್ಲಿ ಕುಣಿ ಅದೆ. ನಾಕು ಏಟಲ್ಲಿ ಚೆಂಡು ಅದ್ರೊಳಗೆ ಬೀಳಬೇಕು. ಇಲ್ಲಿಂದ ನೋಡುದ್ರೆ ದೊಡ್ಡ ಕೋಲು ತಗಂಡು ಜೋರಾಗಿ ಬಾರಿಸ್ಬುಡನ ಅನ್ಸುತ್ತೆ. ಬಾರಿಸ್ಬಾರ್ದು. ನೆಲ ಎಡಕ್ಕೆ ವಾಲ್ಕಂಡದೆ. ನೆಟ್ಟಗೆ ಒಡುದ್ರೂ ಎಡಕ್ಕೆ ಉಳ್ಳಿ ಕಬ್ಬಿಗೆ ಬೀಳ್ತದೆ. ಬಲಗಡೆ ಉಣಸೇಮರ ಕಾಣುತ್ತಲ್ಲ, ಅದ್ರ ಕಡೀಕೆ ಸಣ್ಣ ಕೋಲಲ್ಲಿ ಒಡೀಬೇಕು. ಮಿಕ್ಕಿದ್ದ ನೆಲನೇ ನೋಡ್ಕತದೆ."

ಅವನು ಹುಣಸೇಮರದ ಕಡೆಗೆ ಹೊಡೆದ. ಚೆಂಡು ಮರದ ನೆರಳಿಗೆ ಬಿದ್ದು, ನಿಧಾನವಾಗಿ ತಿರುಗಿ, ಇಳಿಜಾರಿನ ಜೊತೆ ನಡುವಿಗೆ ಬಂದು ನಿಂತಿತು. ಅಮೃತ ಅದನ್ನೇ ನೋಡುತ್ತಿದ್ದಳು. ನಾಲ್ಕನೇ ಏಟಿಗೆ ಕುಣಿಗೆ ಬಿತ್ತು. ರವಿಚಂದ್ರನಿಗೂ ನಾಲ್ಕು.

ಎರಡನೆಯದಕ್ಕೆ ಮೇಲೆ ಹತ್ತಬೇಕು. ಅಮೃತ ಅರ್ಧ ದಾರಿಯಲ್ಲಿ ನಿಂತು ಉಸಿರು ತೆಗೆದುಕೊಂಡಳು. ಅಲ್ಲಿ ಬಾವುಟದ ತುದಿಯಷ್ಟೇ ಕಾಣುತ್ತದೆ, ಉಳಿದದ್ದು ದಿಬ್ಬದ ಹಿಂದೆ. "ನೂರೈವತ್ತು ಗಜ ಅಂತ ಬೋರ್ಡಲ್ಲಿ ಬರ್ದವ್ರೆ," ಎಂದ ಪುನೀತ್, "ಆದ್ರೆ ಮೇಲಕ್ಕೆ ಒಡೆಯೋವಾಗ ಚೆಂಡು ಬೇಗ ಸೋಲ್ತದೆ. ನೂರೆಪ್ಪತ್ತು ಅಂದ್ಕಂಡು ಒಡೀಬೇಕು. ಅಂಗಂತ ಜಾಸ್ತಿನೂ ಆಗ್ಬಾರ್ದು. ಇಂದ್ಗಡೆ ಬಂಡೆ. ಬಾವುಟಕ್ಕಿಂತ ಸ್ವಲ್ಪ ಕೆಳೀಕೇ ನಿಲ್ಲಿಸ್ಕಂಡ್ರೆ ಆಮೇಲೆ ಮೇಲಕ್ಕೆ ತಳ್ಳದು ಸಲೀಸು. ಮೇಲಿಂದ ಕೆಳೀಕೆ ತಳ್ಳಕೋದ್ರೆ ನಿಲ್ಲಾಕಿಲ್ಲ."

ರವಿಚಂದ್ರನ ಚೆಂಡು ಬಾವುಟ ದಾಟಿ ಮೇಲೆ ಬಿತ್ತು. ಅವನಿಗೆ ನಾಲ್ಕಾಯಿತು. ಪುನೀತನಿಗೆ ಮೂರು.

ಎಂಟು ವರ್ಷದಲ್ಲಿ ಪುನೀತ್ ಎಂದೂ ಹೀಗೆ ಆಡಿರಲಿಲ್ಲ. ಬೇರೆಯವರಿಗೆ ಹೇಳುವುದು ಬೇರೆ, ತಾನು ಕೋಲು ಹಿಡಿದಾಗ ಕೈ ನಡುಗುವುದು ಬೇರೆ. ಪ್ರತಿ ವರ್ಷವೂ ಅವನು ಬಂಡೆ ನೋಡಿ ಹೆದರುತ್ತಿದ್ದ, ಇಲ್ಲವೇ ಆಸೆಬಿದ್ದು ದೊಡ್ಡ ಕೋಲು ಎಳೆಯುತ್ತಿದ್ದ. ಇವತ್ತು ಹೆದರಿಕೆಯೂ ಇರಲಿಲ್ಲ, ಆಸೆಯೂ ಇರಲಿಲ್ಲ. ಯಾರದೋ ಬ್ಯಾಗು ಹೊತ್ತು, ಯಾರಿಗೋ ಹೇಳಿ, ಅವರು ಹೊಡೆದದ್ದನ್ನು ದೂರದಿಂದ ನೋಡಿದಂತಿತ್ತು. ಚೆಂಡಿಗೆ ಕೋಲು ತಗುಲಿದ ಸದ್ದು ಕೂಡ ಪಕ್ಕದ ಮನೆಯಲ್ಲಿ ಏನೋ ಬಿದ್ದಂತೆ ಕೇಳುತ್ತಿತ್ತು.

ಮೂರನೆಯದು ಉದ್ದದ್ದು, ಬಂಡೆಯನ್ನು ಬಳಸಿಕೊಂಡು ಬಾಗುತ್ತದೆ. ಬಂಡೆಯ ಮೇಲೆ ಹಾರಿಸಿದರೆ ಒಂದು ಏಟು ಉಳಿಯುತ್ತದೆ ಎಂದು ಎಲ್ಲರೂ ನೋಡುತ್ತಾರೆ. ಹತ್ತರಲ್ಲಿ ಎಂಟು ಜನರ ಚೆಂಡು ಕಲ್ಲಿಗೆ ಬಡಿದು ಎತ್ತಲೋ ಹೋಗುತ್ತದೆ. "ಬಳಸ್ಕೊಂಡೇ ಓಗದು," ಎಂದ. ಇಬ್ಬರೂ ಬಳಸಿಕೊಂಡೇ ಹೋದರು, ಐದೈದು ಏಟಿಗೆ ಮುಗಿಸಿದರು.

ನಾಲ್ಕನೇ ಹೋಲಿಗೆ ಬಂದಾಗ ಅಮೃತ ಅಂಚಿನಲ್ಲಿ ನಿಂತುಬಿಟ್ಟಳು. ಕಾಲ ಬುಡದಿಂದಲೇ ಗುಡ್ಡ ಕಡಿದಂತೆ ಇಳಿದಿತ್ತು. ತೆಂಗಿನ ಮರದೆತ್ತರ ಕೆಳಗೆ, ಚಿಕ್ಕ ಕೊಳದ ಪಕ್ಕ, ತಟ್ಟೆಯಷ್ಟಗಲ ಕಾಣುವ ಹಸಿರು.

"ಅಲ್ಲಿಗಾ?"

"ಅಲ್ಲಿಗೇ. ಒಂದೇ ಏಟಲ್ಲಿ. ದೂರ ಕಾಣ್ತದೆ, ಆದ್ರೆ ದೂರ ಅಲ್ಲ. ಸಣ್ಣ ಕೋಲು ಸಾಕು. ಕೆಳೀಕೆ ಬೀಳೋ ಚೆಂಡು ಬಾಳ ಒತ್ತು ಗಾಳೀಲಿರ್ತದೆ. ಅದ್ಕೇ ಗಾಳಿ ನೋಡ್ಕಂಡು ಬುಡಬೇಕು. ಶಿಂಷಾ ಹೊಳೆ ಕಡೆಯಿಂದ ಬೀಸ್ತಿದ್ರೆ ಕೊಳದ ಕಡೀಕೇ ಗುರಿ ಇಡಬೇಕು. ನೀರ್ಗೆ ಒಡ್ದಂಗೆ ಒಡೀಬೇಕು. ಗಾಳಿನೇ ತಂದು ಹುಲ್ಲಿನ ಮೇಲೆ ಇಕ್ತದೆ."

"ಇಕ್ದೇ ಓದ್ರೆ?"

"ನೀರ್ಗೆ ಬೀಳ್ತದೆ."

ಹೊಡೆದ. ಬಿಳಿ ಚೆಂಡು ಮೇಲೆದ್ದು, ಕೊಳದ ಮೇಲೆ ನಿಂತೇಬಿಟ್ಟಿತೇನೋ ಎಂಬಂತೆ ನಿಂತು, ಒಳಕ್ಕೆ ವಾಲಿ, ಬಾವುಟದಿಂದ ಒಂದು ಮಾರು ದೂರದಲ್ಲಿ ಬಿತ್ತು. ಕೆಂಪಸಿದ್ದಯ್ಯ ಮೆಚ್ಚಿಗೆಯಿಂದ ಲೊಟ್ಟೆ ಹೊಡೆದ. ಅದು ಎರಡೇ ಏಟಿಗೆ ಮುಗಿಯಿತು. ಐದನೆಯದು ಗುಡ್ಡದ ಪಕ್ಕೆಯಲ್ಲಿ. ಅಲ್ಲಿ ಎಲ್ಲಿ ನಿಂತರೂ ಚೆಂಡು ಪಾದಕ್ಕಿಂತ ಮೇಲಿರುತ್ತದೆ, ಕೋಲನ್ನು ಗಿಡ್ಡ ಹಿಡಿದು ಬಲಕ್ಕೆ ಗುರಿಯಿಡಬೇಕು. ಹಾಗೇ ಮಾಡಿದ. ಕೆಂಪಸಿದ್ದಯ್ಯ ಚೀಟಿ ನೋಡಿ ಹೇಳಿದ: ಪುನೀತ್ ಹದಿನೆಂಟು, ರವಿಚಂದ್ರ ಇಪ್ಪತ್ತು. ಮುಂದೆ ಹೋದ ಜೋಡಿಗಳಲ್ಲಿ ಯಾರೂ ಇಷ್ಟು ಚೆನ್ನಾಗಿ ಆಡಿರಲಿಲ್ಲ ಎಂದು ಹುಲ್ಲು ಕತ್ತರಿಸುತ್ತಿದ್ದವನು ಕೂಗಿ ತಿಳಿಸಿದ.

"ಕೋಚ್ ಆಗ್ಬುಟ್ಟೆ ಕಣ್ಲಾ ನೀನು," ಎಂದ ಕೆಂಪಸಿದ್ದಯ್ಯ.

ಪುನೀತ್ ತಲೆಯಾಡಿಸಿದ. ಖುಷಿಯಾಗಬೇಕಾದ ಜಾಗ ಎಲ್ಲಿದೆ ಎಂದು ತನ್ನೊಳಗೆ ಹುಡುಕಿದ. ಸಿಗಲಿಲ್ಲ.

ಆರನೇ ಹೋಲು ಗುಡ್ಡದ ನೆತ್ತಿಯಲ್ಲಿದೆ. ಇಡೀ ಮೈದಾನದಲ್ಲಿ ಅದೊಂದೇ ಸಮತಟ್ಟು. ಅಂಗೈಯಂತೆ ಹರವಾದ ನೆಲ, ನೆಟ್ಟಗೆ ಕಾಣುವ ಬಾವುಟ, ಬಂಡೆಯಿಲ್ಲ, ನೀರಿಲ್ಲ. ಬಾವುಟದ ಎಡಕ್ಕೆ ಒಂದು ಮರಳುಗುಂಡಿ ಮಾತ್ರ. "ಇಲ್ಲೇನೂ ಯೋಳದಿಲ್ಲ," ಎಂದ ಪುನೀತ್. "ನೆಟ್ಟಗೆ ಒಡಿಯದು, ನೆಟ್ಟಗೆ ಓಗದು. ಆದ್ರೆ ಎಲ್ರೂ ಕೆಡಸ್ಕಳದು ಇಲ್ಲೇ. ಐದು ಹೋಲು ಎಚ್ಚರವಾಗಿ ಬಂದಿರ್ತಾರಲ್ಲ, ಇಲ್ಲಿ ಮೈ ಮರೀತಾರೆ."

ಅವನ ಮೊದಲ ಏಟು ನೆಟ್ಟಗೇ ಹೋಯಿತು. ರವಿಚಂದ್ರ ಮತ್ತು ಕೆಂಪಸಿದ್ದಯ್ಯ ಬಲಬದಿಯಲ್ಲಿ ಮುಂದೆ ನಡೆದರು. ಗಂಡ ಹೆಂಡತಿ ಎಡಬದಿಯಲ್ಲಿ ಅಕ್ಕಪಕ್ಕ ನಡೆದರು. ಅಮೃತಳ ಉಸಿರು ಹದಕ್ಕೆ ಬಂದಿತ್ತು. ಅವಳು ನೀರಿನ ಬಾಟಲಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು.

"ಮಕ ಎಂಗಿತ್ತು?" ಎಂದಳು.

ಪುನೀತ್ ನಡೆಯುತ್ತಲೇ ಇದ್ದ.

"ಎಣ್ಣು ಅಂದ್ರು. ಅಷ್ಟೇ ಯೋಳಿದ್ದು ನಂಗೆ. ಕೆರಗೋಡಿಂದ ಬಂದಿದ್ದ ನಮ್ಮವ್ವನೂ ನೋಡಿಲ್ಲ. ನಿಮ್ಮವ್ವ ಬಾಯಿ ಬುಡಲ್ಲ. ನೀನೂ ಬುಡಲ್ಲ."

"ಅಮೃತ."

"ಮನೇಲಿ ಕೇಳಾಕಾಗಲ್ಲ. ನಿಮ್ಮವ್ವ ಇರ್ತದೆ, ಯಾರೋ ಬತ್ತಾರೆ, ಓಯ್ತಾರೆ. ಅದ್ಕೇ ಬಂದೆ ನಾನು. ಇಲ್ಲಿಗಂಟ ಉಸುರಿರ್ಲಿಲ್ಲ ಕೇಳಾಕೆ. ಈಗ ಕೇಳ್ತಾ ಇವ್ನಿ."

ಅವಳ ದನಿಯಲ್ಲಿ ಕೋಪವಿರಲಿಲ್ಲ. ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಿದಂತೆ ಕೇಳಿದ್ದಳು. ಪುನೀತ್ ಚೆಂಡಿನ ಹತ್ತಿರ ಬಂದಿದ್ದ. ಬ್ಯಾಗು ಇಳಿಸಿ, ಕೈಗೆ ಸಿಕ್ಕಿದ ಕೋಲು ಎಳೆದು ಹೊಡೆದ. ಕೋಲು ಚೆಂಡಿನ ನೆತ್ತಿ ಸವರಿತು. ಚೆಂಡು ಹುಲ್ಲಿನ ಮೇಲೆ ಹಾವಿನಂತೆ ಸರಿದು ಮೂವತ್ತು ಗಜ ಹೋಗಿ ನಿಂತಿತು. ಅಲ್ಲಿಗೆ ಹೋಗಿ ಮತ್ತೆ ಹೊಡೆದ. ಅದು ಮರಳುಗುಂಡಿಗೆ ಬಿತ್ತು.

ಗುಂಡಿ ಎದೆಯಾಳ ಇತ್ತು. ಒಳಗೆ ಇಳಿದು ನಿಂತಾಗ ಅವನಿಗೆ ಮರಳಿನ ಅಂಚು, ಅದರ ಮೇಲೆ ಅಮೃತಳ ಚಪ್ಪಲಿ, ಆಕಾಶ, ಇಷ್ಟೇ ಕಾಣುತ್ತಿತ್ತು. ಹೊಡೆದ. ಮರಳು ಎದ್ದಿತು, ಚೆಂಡು ಅಂಚಿಗೆ ಬಡಿದು ವಾಪಸ್ ಕಾಲ ಬಳಿಗೇ ಉರುಳಿತು. ಅವನು ಅದನ್ನು ನೋಡುತ್ತಾ ನಿಂತ.

"ಕೂದ್ಲು ಬಾಳ ಇತ್ತು," ಎಂದ.

ಅಮೃತ ಅಂಚಿನಲ್ಲಿ ಕುಳಿತಳು.

"ಕಪ್ಪಗೆ ಇತ್ತು ಕೂದ್ಲು. ಒದ್ದೆಯಾಗಿ ಅಣೆಗೆ ಅಂಟ್ಕಂಡಿತ್ತು. ಬಲಗಿವಿ ಮಡಚ್ಕಂಡಿತ್ತು ಮೇಲ್ಗಡೆ, ನಿನ್ ಕಿವಿ ಅದೆಯಲ್ಲ, ಅಂಗೇ. ಮೂಗು ನಂದು. ಬಾಯಿ ಸ್ವಲ್ಪ ತೆರ್ಕಂಡಿತ್ತು."

"ಬಣ್ಣ?"

"ತುಟಿ ಕಪ್ಪಾಗಿತ್ತು. ಮಿಕ್ಕಿದ್ದು ಬೆಳ್ಳಗೇ ಇತ್ತು. ಉಗುರು ಉದ್ದಕ್ಕೆ ಬೆಳ್ಕಂಡಿತ್ತು."

"ನೀನು ಎತ್ಕಂಡಾ?"

"ಎತ್ಕಂಡೆ. ಮಂಡ್ಯದಿಂದ ಕೊಪ್ಪದಗಂಟ ಆಟೋದಲ್ಲಿ ನನ್ ತೊಡೆ ಮ್ಯಾಲೇ ಇತ್ತು. ಭಾರ ಇತ್ತು. ಎರಡೂ ಮುಕ್ಕಾಲು ಕೇಜಿ ಅಂದಿದ್ರು."

ಅಮೃತ ತಲೆಯಾಡಿಸಿದಳು. ತನ್ನ ಬಲಗಿವಿಯ ಮೇಲ್ತುದಿಯನ್ನು ಎರಡು ಬೆರಳಿನಿಂದ ಹಿಡಿದು ನೋಡಿಕೊಂಡಳು. ದೂರದಲ್ಲಿ ಕೆಂಪಸಿದ್ದಯ್ಯ ಇವರ ಕಡೆ ಬೆನ್ನು ತಿರುಗಿಸಿ ಬೀಡಿ ಹಚ್ಚಿದ್ದ. ತಡ ಮಾಡಿದರೆ ಏಟು ಸೇರಿಸಬಹುದು ಎಂಬ ನಿಯಮ ಅವನಿಗೆ ಚೆನ್ನಾಗಿ ಗೊತ್ತಿತ್ತು. ರವಿಚಂದ್ರ ಕೋಲಿನ ಮೇಲೆ ಭಾರ ಬಿಟ್ಟು ಕಬ್ಬಿನ ಗದ್ದೆಗಳ ಕಡೆ ನೋಡುತ್ತಿದ್ದ. ಇಬ್ಬರೂ ಕೂಗಿ ಕರೆಯಲಿಲ್ಲ.

"ಈಗ ಒಡಿ," ಎಂದಳು ಅಮೃತ.

ಹೊಡೆದ. ಚೆಂಡು ಮೇಲೆ ಬಂತು. ಆ ಹೋಲಿಗೆ ಒಟ್ಟು ಏಳು ಏಟಾಯಿತು. ರವಿಚಂದ್ರನಿಗೆ ನಾಲ್ಕು. ಎರಡು ಏಟು ಮುಂದಿದ್ದವನು ಒಂದು ಏಟು ಹಿಂದೆ ಬಿದ್ದ. ಕೆಂಪಸಿದ್ದಯ್ಯ ಬರೆದುಕೊಂಡ.

ಏಳನೇ ಹೋಲಿನಲ್ಲಿ ನಡುವೆ ಒಂದು ದಿಬ್ಬ ಅಡ್ಡವಾಗಿದೆ. ಬಾವುಟ ಕಾಣುವುದೇ ಇಲ್ಲ. ದಿಬ್ಬದ ಮೇಲೆ ಸುಣ್ಣ ಬಳಿದ ಕಲ್ಲು ನೆಟ್ಟಿದ್ದಾರೆ, ಅದನ್ನು ನಂಬಿ ಅದರ ನೇರಕ್ಕೆ ಹೊಡೆಯಬೇಕು. ಆಚೆ ಯಾರಿಗಾದರೂ ತಗುಲೀತೆಂದು ಅಲ್ಲೊಂದು ಗಂಟೆ ಕಟ್ಟಿದ್ದಾರೆ. ಆಡಿ ಮುಗಿಸಿದವರು ಗಂಟೆ ಹೊಡೆದು ಮುಂದೆ ಹೋಗಬೇಕು. ಪುನೀತ್ ಇದನ್ನೆಲ್ಲ ಹೇಳಿದ. ಹೇಳಿ ಮುಗಿಸಿದಾಗ ಬಾಯಾರಿತ್ತು. ನೀರು ಇಸಿದುಕೊಂಡು ಕುಡಿದ. ನೀರು ಬಿಸಿಲಿಗೆ ಬೆಚ್ಚಗಾಗಿತ್ತು. ಕೋಲು ಹಿಡಿದಾಗ ಕೈ ನಡುಗಿತು. ಹೋದ ವರ್ಷದಂತೆಯೇ ನಡುಗಿತು. ಅವನು ಬಹಳ ಹೊತ್ತು ಕಲ್ಲನ್ನು ನೋಡಿ, ಹೆದರಿಕೊಂಡೇ ಹೊಡೆದ. ಪುಣ್ಯಕ್ಕೆ ನೆಟ್ಟಗೆ ಹೋಯಿತು. ಇಬ್ಬರಿಗೂ ನಾಲ್ಕು ನಾಲ್ಕು. ಹೊರಡುವಾಗ ಅಮೃತ ಗಂಟೆಯ ಹಗ್ಗ ಹಿಡಿದು ಒಂದೇ ಸಲ ಎಳೆದಳು. ಹಿಂದೆ ಯಾರೂ ಇರಲಿಲ್ಲ.

ಎಂಟನೆಯದು ಎಲ್ಲಕ್ಕಿಂತ ಉದ್ದ, ಎಲ್ಲಕ್ಕಿಂತ ಕಡಿದಾದ ಏರು. ಅರ್ಧ ಹತ್ತುವಷ್ಟರಲ್ಲಿ ಅಮೃತಳ ಮುಖ ಬಿಳಿಚಿಕೊಂಡಿತು. ಅವಳು ದಾರಿಯ ಪಕ್ಕದ ಕಲ್ಲಿನ ಮೇಲೆ ಕುಳಿತಳು. ಪುನೀತ್ ಬ್ಯಾಗು ಇಳಿಸಿದ.

"ಸುಧಾರಿಸ್ಕಳವ್ವ, ಅರ್ಜೆಂಟಿಲ್ಲ," ಎಂದ ರವಿಚಂದ್ರ. ಬೆಳಗಿನಿಂದ ಅವನು ಅವಳೊಡನೆ ಆಡಿದ ಮೊದಲ ಮಾತು ಅದು. ಕೋಲನ್ನು ನೆಲಕ್ಕೂರಿ, "ನನ್ ಹೆಂಡ್ರಿಗೂ ಒಂದು ಓಯ್ತು, ಮೊದಲ್ನೇದು. ಹದಿನಾರು ವರ್ಸ ಆಯ್ತು," ಎಂದ.

"ನೋಡಿದ್ರಾ ಅವ್ರು?" ಎಂದು ಕೇಳಿದಳು ಅಮೃತ.

"ಇಲ್ಲ. ತೋರಿಸ್ಲಿಲ್ಲ ನಾವು."

"ಈಗ್ಲೂ ಕೇಳ್ತಾರಾ?"

ರವಿಚಂದ್ರ ಟೋಪಿ ತೆಗೆದು ಹಣೆ ಒರೆಸಿಕೊಂಡ. "ಬಾಯ್ಬಿಟ್ಟು ಕೇಳಿಲ್ಲ," ಎಂದ.

ಮೇಲೆ ಹತ್ತಿದ ಮೇಲೆ ಉಸಿರು ಹದಕ್ಕೆ ಬರುವತನಕ ಕಾಯಬೇಕು, ಇಲ್ಲದಿದ್ದರೆ ಹತ್ತಿರದ ಚೆಂಡೂ ಕುಣಿಗೆ ಬೀಳುವುದಿಲ್ಲ, ಪುನೀತ್ ಎಂದಿನಿಂದಲೂ ಎಲ್ಲರಿಗೂ ಹೇಳುತ್ತಿದ್ದ ಉಪಾಯ ಅದು. ಅವನು ಕಾದ. ರವಿಚಂದ್ರ ಕಾಯಲಿಲ್ಲ, ಬೇಗ ಮುಗಿಸಿಬಿಡುವ ಹಾಗೆ ತಳ್ಳಿದ, ತಪ್ಪಿದ, ಮತ್ತೆ ತಳ್ಳಿದ. ಪುನೀತನಿಗೆ ಐದು, ರವಿಚಂದ್ರನಿಗೆ ಆರು. ಎಂಟು ಹೋಲು ಮುಗಿದಾಗ ಇಬ್ಬರದೂ ಮೂವತ್ತನಾಲ್ಕು.

ಕೊನೆಯ ಹೋಲು ಕ್ಲಬ್ಬಿನ ಕಟ್ಟಡದ ಕಡೆಗೆ ಇಳಿಯುತ್ತದೆ. ಮೊದಲೇ ಮುಗಿಸಿದ್ದವರೆಲ್ಲ ಜಗಲಿಯಲ್ಲಿ ನಿಂತು ನೋಡುತ್ತಿದ್ದರು. ಇಳಿಜಾರಿನ ನಡುವೆ ಅಡ್ಡಲಾಗಿ ಒಂದು ಆಳದ ಕಾಲುವೆ. "ದಾಟಿಸ್ಬೋದು," ಎಂದ ಪುನೀತ್ ಅಮೃತಳಿಗೆ. "ದಾಟುದ್ರೆ ಮೂರು ಏಟಲ್ಲಿ ಮುಗೀತದೆ. ದಾಟದೇ ಓದ್ರೆ ಆರೋ ಏಳೋ. ಅದ್ಕೇ ಈಚೆಗೇ ನಿಲ್ಲಿಸ್ಕಂಡು, ಎರಡನೇ ಏಟಲ್ಲಿ ದಾಟಿಸ್ಬೇಕು. ನಾಕಕ್ಕೆ ಮುಗೀತದೆ. ಯಾವ ಮೆಂಬರ್ ಕೇಳುದ್ರೂ ನಾನು ಇದ್ನೇ ಯೋಳದು."

"ಇವತ್ತು?"

ಅವನು ಕಾಲುವೆಯನ್ನು ನೋಡಿದ. "ಇವತ್ತೂ ಅದೇ," ಎಂದ. ಸಣ್ಣ ಕೋಲಿನಲ್ಲಿ ಈಚೆಗೇ ಹೊಡೆದು ನಿಲ್ಲಿಸಿದ.

ರವಿಚಂದ್ರ ದೊಡ್ಡ ಕೋಲು ತೆಗೆದ. ಚೆಂಡು ಕಾಲುವೆಯ ಆಚೆ ದಡಕ್ಕೆ ಬಿದ್ದು, ಒಂದು ಕ್ಷಣ ಹಿಂದಕ್ಕೆ ಉರುಳುವಂತೆ ಮಾಡಿ, ಮುಂದಕ್ಕೆ ಉರುಳಿತು. ಜಗಲಿಯಲ್ಲಿ ಚಪ್ಪಾಳೆ ಬಿತ್ತು. ಅವನು ಮೂರಕ್ಕೆ ಮುಗಿಸಿದ, ಪುನೀತ್ ನಾಲ್ಕಕ್ಕೆ. ಒಂದು ಏಟಿನ ಅಂತರದಲ್ಲಿ ಕಪ್ಪೂ ಕೆಲಸವೂ ರವಿಚಂದ್ರನಿಗೆ ಹೋದವು. ಕಾರ್ಯದರ್ಶಿ ವಿಷ್ಣು ಅವರು ಪುನೀತನ ಕೈ ಕುಲುಕಿ, ಆರನೇ ಹೋಲಿನಲ್ಲಿ ಅಂಥದ್ದೇನಾಯಿತು ಎಂದು ಕೇಳಿದರು.

"ಮೈ ಮರ್ತೆ ಸಾರ್," ಎಂದ ಪುನೀತ್.

ರವಿಚಂದ್ರ ಕಪ್ಪು ಹಿಡಿದುಕೊಂಡು ಅವನ ಹತ್ತಿರ ಬಂದ. "ಊಟ ಮಾಡ್ಕೊಂಡು ಓಗಿ," ಎಂದಷ್ಟೇ ಹೇಳಿದ. ಅಮೃತ ಬಿರಿಯಾನಿ ತಿಂದಳು. ತಟ್ಟೆ ಖಾಲಿಯಾಗುವತನಕ ತಿಂದಳು. ಪುನೀತನಿಗೆ ತಿನ್ನಲಾಗಲಿಲ್ಲ. ಅವಳು ತಿನ್ನುವುದನ್ನೇ ನೋಡುತ್ತಾ ಕುಳಿತ.

ವಾಪಸ್ ಹೊರಟು ಕೊಪ್ಪದ ಹತ್ತಿರ ಬಂದಾಗ ಹಿಂದಿನಿಂದ ಅವಳು ಅವನ ಹೆಗಲು ತಟ್ಟಿದಳು. "ಮನೇಗಲ್ಲ. ಅಲ್ಲಿಗೆ ಕರ್ಕಂಡೋಗು."

ಊರ ಮುಂದಿನ ಸೇತುವೆಯ ಬಳಿ ಬೈಕು ನಿಲ್ಲಿಸಿ, ನಾಲೆ ಏರಿಯ ಮೇಲೆ ಅವಳನ್ನು ಮುಂದೆ ಬಿಟ್ಟುಕೊಂಡು ನಡೆದ. ಅವರದೇ ಗದ್ದೆ. ಒಂದು ಕಡೆ ಎದೆಯೆತ್ತರದ ಕಬ್ಬು, ಇನ್ನೊಂದು ಕಡೆ ದನಕ್ಕೆ ಬೆಳೆದ ಹುಲ್ಲು. ಬದುವಿನ ಮೂಲೆಯಲ್ಲಿ ಹೊಂಗೆ ಮರ. ಮರದಿಂದ ನಾಲ್ಕು ಹೆಜ್ಜೆ ಈಚೆ ಮಣ್ಣು ಸ್ವಲ್ಪ ಕುಸಿದಿತ್ತು, ಮೇಲೆ ಮೂರು ಕಲ್ಲು ಇಟ್ಟಿದ್ದರು. ಆಗಲೇ ಗರಿಕೆ ಹಬ್ಬಿತ್ತು.

ಅಮೃತ ಚಪ್ಪಲಿ ಬಿಟ್ಟಳು. "ತಲೆ ಯಾವ ಕಡೆ?"

ಅವನು ತೋರಿಸಿದ. ಅವಳು ಆ ಬದಿಗೆ ಹೋಗಿ ಕುಳಿತಳು. ಮಣ್ಣಿನ ಮೇಲೆ ಕೈ ಇಟ್ಟಳು, ತೆಗೆದಳು. ಅಳಲಿಲ್ಲ. ಪುನೀತ್ ಹೊಂಗೆಯ ನೆರಳಿನಲ್ಲಿ ನಿಂತು, ಅಲ್ಲೇ ಬುಡಕ್ಕೆ ಒರಗಿ ಕೂತ. ಗಂಟಲಿನಿಂದ ಅವನಿಗೇ ಗೊತ್ತಿಲ್ಲದ ಒಂದು ಸದ್ದು ಬಂತು. ಎರಡು ಸಲ ಬಂತು, ನಿಂತಿತು. ಅಮೃತ ತಿರುಗಿ ನೋಡಿದಳು.

ಹುಲ್ಲಿನ ನಡುವಿನಿಂದ ಇಂದ್ರಮ್ಮ ಹೊರೆ ಹೊತ್ತುಕೊಂಡು ಬಂದಳು. ಮಗ ಸೊಸೆಯನ್ನು ಅಲ್ಲಿ ಕಂಡು ಗಕ್ಕನೆ ನಿಂತಳು. ಹೊರೆಯನ್ನು ನೆಲಕ್ಕೆ ಹಾಕಿ, ಕುಡುಗೋಲನ್ನು ಅದಕ್ಕೆ ಸಿಕ್ಕಿಸಿ, ಸೆರಗಿನಿಂದ ಕತ್ತು ಒರೆಸಿಕೊಂಡಳು. ಬೈಯುತ್ತಾಳೆಂದು ಪುನೀತ್ ಕಾದ.

"ಬಿಸ್ಲು ಕಣವ್ವ. ತಲೆ ಮ್ಯಾಕೆ ಬಟ್ಟೆ ಆಕೋ," ಎಂದಳು ಇಂದ್ರಮ್ಮ.

ಅಮೃತ ದುಪ್ಪಟ್ಟ ತಲೆಯ ಮೇಲೆ ಎಳೆದುಕೊಂಡಳು. "ಅತ್ತೆ, ನೀವೂ ಎತ್ಕಂಡಿದ್ರಾ?"

ಇಂದ್ರಮ್ಮ ಮಗನ ಮುಖ ನೋಡಿದಳು. ಅವನು ತಲೆಯೆತ್ತಲಿಲ್ಲ. ಅವಳು ನಿಧಾನವಾಗಿ ಬಂದು ಸೊಸೆಯ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕುಳಿತಳು.

"ಎತ್ಕಂಡಿದ್ದೆ. ನೀರು ಉಯ್ದಿದ್ದೂ ನಾನೇ. ಹಿತ್ಲಲ್ಲಿ, ಕಾಲ್ ಮ್ಯಾಲೆ ಮಲುಗಿಸ್ಕಂಡು."

"ಬಿಸಿನೀರಾ?"

"ಊಂ. ಅಂಡೆಗೆ ಉರಿ ಆಕ್ಸಿದ್ದೆ. ಬೆಚ್ಗಿತ್ತು." ಇಂದ್ರಮ್ಮ ಗರಿಕೆಯ ಒಂದು ಎಳೆ ಕಿತ್ತು ಬೆರಳಿಗೆ ಸುತ್ತಿಕೊಂಡಳು. "ತಲೇನೂ ತೊಳ್ದೆ. ಬಾಳ ಕೂದ್ಲು."

"ಅವ್ನೂ ಅಂಗೇ ಅಂದ," ಎಂದಳು ಅಮೃತ.

ನಾಲೆಯಲ್ಲಿ ನೀರು ಇರಲಿಲ್ಲ. ಏರಿಯ ಮೇಲೆ ಸೈಕಲ್ಲಿನಲ್ಲಿ ಹೋಗುತ್ತಿದ್ದ ಊರಿನ ಚೌಡಯ್ಯ ಕಾಲು ಊರಿ, ನೀರು ಯಾವತ್ತು ಬಿಡುತ್ತಾರಂತೆ ಎಂದು ಕೇಳಿದ. ಗುರುವಾರ ಅಂತಾರೆ, ಎಂದ ಪುನೀತ್. ಚೌಡಯ್ಯ ಮೂವರನ್ನೂ ಒಮ್ಮೆ ನೋಡಿ ಸೈಕಲ್ ತುಳಿದ. ಹಾಲು ಕರೆಯುವ ಹೊತ್ತಾಯಿತೆಂದು ಇಂದ್ರಮ್ಮ ಮಂಡಿಯ ಮೇಲೆ ಕೈಯೂರಿ ಎದ್ದಳು. ಹೊರೆ ಎತ್ತಲು ಬಗ್ಗಿದಾಗ ಪುನೀತ್ ಎದ್ದು ಬಂದು ಒಂದು ಬದಿಗೆ ಕೈ ಕೊಟ್ಟ.